ಏಳನೇ ಇಲಿಯ ಗಂಟು

ಸ್ತನ ಕ್ಯಾನ್ಸರ್ ಬಾರದಂತೆ ಡಿಎನ್‌ಎ ಲಸಿಕೆ ಹಾಕಿದ ಹೆಣ್ಣಿಲಿಗಳನ್ನು ವಾರಕ್ಕೊಮ್ಮೆ ಮುಟ್ಟಿ ನೋಡಿ, ಗಂಟಿದ್ದರೆ ಬರೆದಿಡುವುದು ಧಾರವಾಡದ ಪ್ರಯೋಗಾಲಯದಲ್ಲಿ ನನ್ನ ಕೆಲಸ. ಒಂದು ಬೆಳಿಗ್ಗೆ ಸಂಶೋಧನೆ ಮಾಡುವ ಶಬಾನಾ ಏಳನೇ ಇಲಿ ಹಿಡಿದು ಅಳುತ್ತಿದ್ದಳು.

“ಎದಿಯಾಗ ಗಂಟು ಬಂದೈತ್ರಿ ಅಕ್ಕಾರ. ಲಸಿಕಿ ಸೋತಂಗ. ಮೂರು ವರ್ಷದ ದುಡಿಮಿ ಹೋತು.”

ಮುಟ್ಟಿ ನೋಡಿದೆ. ಎರಡೂ ಮಗ್ಗುಲಲ್ಲಿ ಸಾಲಾಗಿ, ಮೆತ್ತಗೆ ಉಬ್ಬಿತ್ತು. ಮೂವರು ಸೊಸೆಯರ ಬಾಣಂತನ ಮಾಡಿದ ಕೈಗೆ ತಿಳಿಯದೇ ಇದ್ದೀತೆ?

“ಹುಚ್ಚಿ, ಗಂಟಲ್ಲ ಇದು, ಹಾಲು. ಇಕಿ ಬಸರ ಅದಾಳ!”

“ಹೆಂಗ್ರಿ? ಇಲ್ಲಿ ಎಲ್ಲಾ ಹೆಣ್ಣ ಅದಾವಲ್ರಿ!”

ಏಳನೇ ಇಲಿ ಒಂಟಿಯಾಗಬಾರದೆಂದು ಕಳೆದ ತಿಂಗಳು ಅದರ ಪಂಜರಕ್ಕೆ ಬಿಟ್ಟಿದ್ದ ಗೆಳತಿ ಇಲಿಯನ್ನು ಎತ್ತಿ ನೋಡಿದರೆ, ಅದು ಗಂಡು. ಶಬಾನಾ ಕಣ್ಣೊರೆಸಿಕೊಳ್ಳುತ್ತಲೇ ನಕ್ಕು ನಕ್ಕು ನೆಲದ ಮೇಲೆ ಕೂತಳು. ಸಂಜೆಯೊಳಗೆ ಆರು ಮರಿಗಳಾದವು. ಲಸಿಕೆ ಹಾಕಿದ ಯಾವ ಇಲಿಗೂ ಗಂಟಿರಲಿಲ್ಲ.

ದಾಖಲೆ ಪುಸ್ತಕದಲ್ಲಿ ಗೆಳತಿಯನ್ನು ‘ಹೆಣ್ಣು’ ಎಂದು ಬರೆದ ದುಂಡನೆಯ ಅಕ್ಷರ ಯಾರದೆಂದು ಶಬಾನಾ ಕೇಳಲಿಲ್ಲ. ನಾನು ಅದೇ ದುಂಡನೆಯ ಅಕ್ಷರದಲ್ಲಿ ‘ಗಂಡು’ ಎಂದು ತಿದ್ದಿ ಬರೆದೆ.