ಕಾಲುಗಂಟೆಯ ಮರ್ಯಾದೆ

ಅವರ ಬಲಗೈಯ ನಡುಬೆರಳಿನ ಗೆಣ್ಣು ಉಳಿದವಕ್ಕಿಂತ ಕಪ್ಪಾಗಿ, ದಪ್ಪವಾಗಿ, ಜಡ್ಡುಗಟ್ಟಿತ್ತು. ಹಾರೆ ಗುದ್ದಲಿ ಹಿಡಿದು ಆದದ್ದಲ್ಲ, ಮೇಜು ಕುಟ್ಟಿ ಆದದ್ದು. ಏನಾದರೂ ಮೆಚ್ಚುಗೆಯಾದರೆ ನಾವು ಚಪ್ಪಾಳೆ ತಟ್ಟುತ್ತೇವಲ್ಲ, ಅವರು ತಟ್ಟುತ್ತಿರಲಿಲ್ಲ. ಬೆರಳು ಮಡಚಿ ಎದುರಿಗಿದ್ದ ಮೇಜನ್ನು ಟಕಟಕ ಕುಟ್ಟುತ್ತಿದ್ದರು. ಮೇಜಿಲ್ಲದಿದ್ದರೆ ಕುರ್ಚಿ, ಕುರ್ಚಿಯೂ ಇಲ್ಲದಿದ್ದರೆ ಗೋಡೆ. ಊರಿನಿಂದ ಯಕ್ಷಗಾನದ ತಂಡವೊಂದು ಮಸ್ಕತ್ತಿಗೆ ಬಂದಿದ್ದಾಗ, ರಾಕ್ಷಸ ವೇಷದ ಪ್ರವೇಶಕ್ಕೆ ಇವರು ಖುಷಿಯಾಗಿ ಮುಂದಿನ ಸಾಲಿನವರ ಕುರ್ಚಿಯ ಬೆನ್ನಿಗೆ ಕುಟ್ಟಿದರು. ಆ ಪುಣ್ಯಾತ್ಮ ದಾರಿ ಬಿಡಬೇಕೇನೋ ಎಂದುಕೊಂಡು ಎದ್ದು ನಿಂತುಬಿಟ್ಟ. ಹಿಂದಿನವರೆಲ್ಲ "ಕೂತ್ಕೊಳ್ಳಿ ಮಾರಾಯ್ರೆ!" ಎಂದು ಬೊಬ್ಬೆ.

"ಯುರೋಪಿನ ಯೂನಿವರ್ಸಿಟಿಗಳಲ್ಲಿ ಹೀಗೆಯೇ," ಎಂದರು ಇವರು, ಏನೂ ಆಗದವರಂತೆ. ಹೀಗೆಂದು ಒಮ್ಮೆ ಹೇಳಿದರೆ ಮುಗಿಯಿತು, ಮುಂದೆ ಯಾರೂ ಮಾತಾಡುವ ಹಾಗಿಲ್ಲ.

ಎಂಬತ್ತರ ದಶಕದಲ್ಲಿ ನಾನು ಮದುವೆಯಾಗಿ ಮಸ್ಕತ್ತಿನ ಅಲ್ ಖುವೈರ್‌ಗೆ ಬಂದಾಗ ಅವರು ನಮ್ಮ ಮೇಲಿನ ಮನೆಯಲ್ಲಿದ್ದರು. ಉಡುಪಿ ಕಡೆಯವರು. ನಮ್ಮವರ ಬಾಯಲ್ಲಿ ಇಂಜಿನಿಯರಣ್ಣ. ಹಾಗಾಗಿ ನನಗೂ ಇಂಜಿನಿಯರಣ್ಣ, ಅವರ ಹೆಂಡತಿ ಅತ್ತಿಗೆ. ಮೀಸೆ ಮೂಡುವ ವಯಸ್ಸಿನಲ್ಲಿ ಸ್ಕಾಲರ್‌ಶಿಪ್ ಸಿಕ್ಕಿ ಚೆಕೊಸ್ಲೊವಾಕಿಯಾಕ್ಕೆ ಹೋಗಿ, ಅಲ್ಲಿಯ ಭಾಷೆ ಕಲಿತು, ಐದು ವರ್ಷ ಇಂಜಿನಿಯರಿಂಗ್ ಓದಿ ಬಂದವರು. ಆಮೇಲೆ ಒಮಾನಿಗೆ ಬಂದು ಒಂದು ಕನ್ಸಲ್ಟೆನ್ಸಿಯಲ್ಲಿ ರಸ್ತೆಯಡಿ ಮಳೆನೀರು ಹೋಗುವ ಮೋರಿಗಳನ್ನು ಡಿಸೈನ್ ಮಾಡುತ್ತಿದ್ದರು. ಮಳೆಯೇ ಇಲ್ಲದ ಊರಲ್ಲಿ ಮಳೆನೀರಿನ ಇಂಜಿನಿಯರ್ ಎಂದು ನಾನು ತಮಾಷೆ ಮಾಡಿದ್ದುಂಟು. "ಇಲ್ಲಿಯ ವಾದಿಗೆ ಒಮ್ಮೆ ನೀರು ಬರ್ಲಿ, ಆಗ ಗೊತ್ತಾಗ್ತದೆ ನಿಂಗೆ," ಎಂದಿದ್ದರು. ವಾದಿಯೆಂದರೆ ಬೆಟ್ಟಗಳ ನಡುವಿನ ಒಣಹೊಳೆ. ವರ್ಷವೆಲ್ಲ ಬರೀ ಕಲ್ಲು, ಮಳೆ ಬಂದ ದಿನ ಕಾರುಗಳನ್ನೇ ಎತ್ತಿಕೊಂಡು ಹೋಗುತ್ತದೆ.

ಆದರೆ ಅವರ ಸಂಗದಲ್ಲಿ ನಾನು ಅನುಭವಿಸಿದ್ದು ವಾದಿಯ ಕಾಟವನ್ನಲ್ಲ, ಕಾಲುಗಂಟೆಯ ಕಾಟವನ್ನು. ಊಟಕ್ಕೆ ಒಂದು ಗಂಟೆಗೆ ಬನ್ನಿ ಎಂದರೆ ಒಂದೂಕಾಲಿಗೆ ಬೆಲ್ ಆಗುವುದು. ಏಳು ಗಂಟೆಯ ಭಜನೆಗೆ ಏಳೂಕಾಲು. ಒಂದು ನಿಮಿಷ ಹಿಂದಿಲ್ಲ, ಮುಂದಿಲ್ಲ. ಮೊದಮೊದಲು ನಾನು ಸೋಮಾರಿತನ ಎಂದುಕೊಂಡಿದ್ದೆ. ಒಂದು ದಿನ ನೀರುದೋಸೆ ತಣ್ಣಗಾಗಿ ರಬ್ಬರಾಗುತ್ತಿದೆ ಎಂಬ ಸಿಟ್ಟಿನಲ್ಲಿ ಬಾಗಿಲು ತೆಗೆದು ನೋಡುತ್ತೇನೆ, ಇವರು ಮೆಟ್ಟಿಲ ಮೇಲೆ ಇಸ್ತ್ರಿ ಅಂಗಿ ಹಾಕಿಕೊಂಡು, ಕೈಗಡಿಯಾರ ನೋಡುತ್ತಾ ನಿಂತಿದ್ದಾರೆ!

"ಎಂತ ಅಣ್ಣ, ಇಲ್ಲಿ ನಿಂತದ್ದು? ಒಳಗೆ ಬನ್ನಿ!"

"ಇನ್ನು ಸ್ವಲ್ಪ ಉಂಟು. ನೀನು ಬಾಗಿಲು ಹಾಕು."

ಆಗ ಅತ್ತಿಗೆ ಬಿಡಿಸಿ ಹೇಳಿದರು. ಅವರು ಓದಿದ ಕಡೆ ಪಾಠ ಹತ್ತು ಗಂಟೆಗೆ ಎಂದು ಬರೆದಿದ್ದರೆ ಪ್ರೊಫೆಸರು ಬರುವುದು ಹತ್ತೂಕಾಲಿಗಂತೆ. ಶತಮಾನಗಳ ಪದ್ಧತಿ. ಮೊದಲೇ ಬಂದರೆ ಅದು ಎದುರಿನವರಿಗೆ ಅವಮಾನ, ತಯಾರಾಗಲು ಬಿಡದ ಹಾಗೆ. "ಮದುವೆ ದಿನ ಸಹ ಹಾಗೇ. ಮುಹೂರ್ತ ಮೀರ್ತದೆ ಅಂತ ಭಟ್ರು ಕೂಗಾಡಿದ್ದೇ ಕೂಗಾಡಿದ್ದು. ಇವರು ಚಪ್ಪರದ ಹೊರಗೆ ಗಡಿಯಾರ ನೋಡ್ತಾ ನಿಂತಿದ್ರು," ಎಂದು ಅತ್ತಿಗೆ ಹಣೆ ಚಚ್ಚಿಕೊಂಡರು. ಅಂದಿನಿಂದ ನಾನು ಹನ್ನೆರಡೂಮುಕ್ಕಾಲಿಗೆ ಊಟ ಎಂದು ಸುಳ್ಳು ಹೇಳಲು ಕಲಿತೆ. ಅವರಿಗೆ ಗೊತ್ತಾಗಿ ಅರ್ಧಗಂಟೆ ತಡವಾಗಿ ಬರಲು ಶುರುಮಾಡಿದರು.

ಇನ್ನೊಂದು ಹುಚ್ಚು ಬಾಯಿಪರೀಕ್ಷೆಯದು. ನಾನಾಗ ಅಂಚೆ ಮೂಲಕ ಎಂ.ಎ. ಕಟ್ಟಿದ್ದೆ. ಪುಸ್ತಕ ಹಿಡಿದರೆ ನಿದ್ದೆ, ಪರೀಕ್ಷೆ ಎಂದರೆ ಹೆದರಿಕೆ. ಇವರು ನನ್ನ ಪಾಠಗಳ ಹೆಸರು ಬರೆದು ಚೀಟಿ ಮಾಡಿ, ನಮ್ಮ ಅಕ್ಕಿ ತೊಳೆಯುವ ಪಾತ್ರೆಗೆ ಹಾಕಿ, "ಎತ್ತು ಒಂದು," ಎಂದರು. ಎತ್ತಿದೆ. "ಈಗ ಮೂಲೆಯಲ್ಲಿ ಕೂತು ಯೋಚನೆ ಮಾಡು. ಆಮೇಲೆ ಎದ್ದು ನಿಂತು ಹೇಳು. ಬರೆಯುವಾಗ ಯಾರು ಬೇಕಾದ್ರೂ ಏನು ಬೇಕಾದ್ರೂ ಗೀಚಬಹುದು. ಕಣ್ಣು ನೋಡಿ ಹೇಳುವಾಗ ಬಂಡವಾಳ ಗೊತ್ತಾಗ್ತದೆ." ನಾನು ಮೊದಲ ದಿನ ನಿಂತು ಬೆವರಿದ್ದು ಬಿಟ್ಟರೆ ಒಂದಕ್ಷರ ಹೇಳಲಿಲ್ಲ. ಆದರೆ ಬಿಡಬೇಕಲ್ಲ ಈ ಮನುಷ್ಯ! ವಾರವಾರ ಪಾತ್ರೆ, ವಾರವಾರ ಚೀಟಿ. ಕಡೆಗೊಂದು ದಿನ ನಾನು ಹೇಳಿ ಮುಗಿಸಿದಾಗ ನಮ್ಮ ಊಟದ ಮೇಜು ಟಕಟಕ ಅಂದಿತು. ಎಂ.ಎ. ಪಾಸಾದದ್ದಕ್ಕಿಂತ ಆ ಸದ್ದೇ ನನಗೆ ಹೆಚ್ಚಿನ ಸಂತೋಷ ಕೊಟ್ಟದ್ದು. ಮುಂದೆ ಇಲ್ಲಿನ ಇಂಡಿಯನ್ ಶಾಲೆಯೊಂದರಲ್ಲಿ ನಾನು ಟೀಚರಾಗಿ ಬಾಯಿ ತೆರೆದದ್ದಿದ್ದರೆ ಅದು ಆ ಅಕ್ಕಿ ಪಾತ್ರೆಯ ಋಣ.

ತೊಂಬತ್ತರ ದಶಕ ಬಂತು. ಇವರು ಓದಿದ ದೇಶವೇ ಎರಡು ಹೋಳಾಯಿತು. ಹೋಗಲಿ ಎಂದರೆ, ಅಲ್ಲಿಯ ವಿಶ್ವವಿದ್ಯಾಲಯಗಳ ಸುಧಾರಣೆಯೂ ಶುರುವಾಯಿತು. ಇವರ ಕಾಲದ ಐದು ವರ್ಷದ ಒಂದೇ ಡಿಗ್ರಿಯನ್ನು ತುಂಡು ಮಾಡಿ, ಮೂರು ವರ್ಷಕ್ಕೆ ಬ್ಯಾಚುಲರ್, ಮತ್ತೆರಡು ವರ್ಷಕ್ಕೆ ಮಾಸ್ಟರ್ ಎಂದು ಮಾಡುತ್ತಿದ್ದಾರೆಂದು ಹಳೆಯ ಸಹಪಾಠಿಯೊಬ್ಬ ಫೋನಿನಲ್ಲಿ ಹೇಳಿದನಂತೆ. ಇಂಜಿನಿಯರಣ್ಣ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

"ದೇಶ ಎರಡಾಯ್ತು, ಆಗ್ಲಿ. ಅಣ್ಣತಮ್ಮಂದಿರು ಪಾಲಾಗುದಿಲ್ವಾ? ಆದ್ರೆ ನನ್ನ ಡಿಗ್ರಿ ಎಂತ ಅಂಜಲ್ ಮೀನಾ, ತಲೆ ಬೇರೆ ನಡುತುಂಡು ಬೇರೆ ಮಾಡಿ ಮಾರ್ಲಿಕ್ಕೆ?" ಎಂದು ನಮ್ಮ ಮನೆಯಲ್ಲಿ ಕೂತು ಗುಡುಗಿದರು. ನಾನು ಅಂದು ನಿಜವಾಗಿಯೂ ಅಂಜಲನ್ನೇ ಹುರಿಯಲು ಇಟ್ಟು ಬಂದಿದ್ದೆ. ನಗು ತಡೆಯಲಾಗದೆ ಅಡುಗೆಮನೆಗೆ ಓಡಿದೆ.

ಆದರೆ ಸ್ವಲ್ಪ ದಿನಗಳಲ್ಲೇ ನಗುವ ಮಾತು ಉಳಿಯಲಿಲ್ಲ. ಹೊರದೇಶದ ಇಂಜಿನಿಯರುಗಳ ಡಿಗ್ರಿ ಯಾವುದಕ್ಕೆ ಸಮ ಎಂದು ಸರ್ಕಾರಿ ಕಚೇರಿಯಿಂದ ಒಪ್ಪಿಗೆ ತರಬೇಕೆಂದು ಅವರ ಕಂಪೆನಿ ಹೇಳಿತು. ತಂದರೆ ವೀಸಾದಲ್ಲಿ ಇಂಜಿನಿಯರ್ ಎಂದು ಉಳಿಯುತ್ತದೆ. ಇಲ್ಲದಿದ್ದರೆ ಖಲಾಸ್, ಊರಿಗೆ ಗಂಟುಮೂಟೆ. ಐವತ್ತು ದಾಟಿದ ಮೇಲೆ ಊರಿನಲ್ಲಿ ಯಾರು ಕೆಲಸ ಕೊಡುತ್ತಾರೆ? ಮಗಳು ಇಲ್ಲಿ ಹನ್ನೊಂದನೇ ಕ್ಲಾಸು. ಅತ್ತಿಗೆ ಬಂದು ನನ್ನ ಕೈ ಹಿಡಿದುಕೊಂಡು, "ಇವರ ಹಠ ನಿಂಗೆ ಗೊತ್ತುಂಟಲ್ಲ. ಅಲ್ಲಿ ಹೋಗಿ ಯುರೋಪು ಗಿರೋಪು ಅಂತ ಜಗಳ ಮಾಡಿದ್ರೆ ನಮ್ಮ ಕತೆ ಮುಗೀತು. ನೀನು ಒಟ್ಟಿಗೆ ಹೋಗು ತಂಗಿ," ಎಂದು ಅತ್ತುಬಿಟ್ಟರು.

ಹೇಗೂ ನಾನು ಹೋಗಲೇಬೇಕಿತ್ತು. ಯಾಕೆಂದರೆ ಈ ರಸ್ತೆಗಳ ಇಂಜಿನಿಯರಿಗೆ ಕಾರು ಬಿಡಲು ಬರುತ್ತಿರಲಿಲ್ಲ. ನಾಗರಿಕ ಊರೆಂದರೆ ಟ್ರಾಮು ಇರಬೇಕು ಎಂಬುದು ಅವರ ವಾದ. ಮಸ್ಕತ್ತಿಗೆ ಟ್ರಾಮು ಬರುವವರೆಗೆ ಅವರನ್ನು ಹೊತ್ತು ತಿರುಗುವುದು ನಮ್ಮ ಕರ್ಮ.

ಹತ್ತು ಗಂಟೆಗೆ ಕಚೇರಿಯಲ್ಲಿರಬೇಕಿತ್ತು. ಹತ್ತಕ್ಕೆ ಸ್ವಲ್ಪ ಮೊದಲೇ ನಾನು ಕಾರು ನಿಲ್ಲಿಸಿ, "ಇಳಿಯಿರಿ ಅಣ್ಣ, ಯಲ್ಲಾ, ಬೇಗ," ಎಂದೆ. ಇವರು ಸೀಟು ಬಿಟ್ಟು ಅಲ್ಲಾಡಲಿಲ್ಲ.

"ಡಿಗ್ರಿ ನೋಡುವ ಕಮಿಟಿಯಲ್ಲಿ ಯೂನಿವರ್ಸಿಟಿಯ ಪ್ರೊಫೆಸರು ಇರ್ತಾರಂತೆ. ಕಾಲುಗಂಟೆ ಕಾಯಬೇಕು."

"ದಮ್ಮಯ್ಯ ಅಣ್ಣ, ಇವತ್ತೊಂದು ದಿನ! ಇದು ಸರ್ಕಾರಿ ಆಫೀಸು!"

"ಮರ್ಯಾದೆ ಇವತ್ತು ಬೇಡ ಅಂದ್ರೆ ಯಾವತ್ತೂ ಬೇಡ."

ನಾನು ಬಾಯಿಗೆ ಬಂದಂತೆ ಬೈದೆ. ಅತ್ತಿಗೆಯ ಹೆಸರು ಹೇಳಿದೆ, ಮಗಳ ಹೆಸರು ಹೇಳಿದೆ. ಇವರು ಏಸಿಯ ಗಾಳಿ ತಮ್ಮ ಕಡೆ ತಿರುಗಿಸಿಕೊಂಡು ಕೂತರು. ಕಡೆಗೆ ನಾನೇ ಒಳಗೆ ಓಡಿ ಏನಾದರೂ ಸುಳ್ಳು ಹೇಳೋಣವೆಂದು ಹೋದೆ. ಅಧಿಕಾರಿ ಎಳೆಯ ವಯಸ್ಸಿನ ಒಮಾನಿ, ಇಂಗ್ಲೆಂಡಿನಲ್ಲಿ ಓದಿದವನು, ಬಿಳಿಯ ನಿಲುವಂಗಿಯಲ್ಲಿ ಒಂದು ಸುಕ್ಕಿಲ್ಲ. ಗೋಡೆಯ ಗಡಿಯಾರ ನೋಡುತ್ತಾ, "ಇಂಜಿನಿಯರೂ ಇಲ್ಲ, ಪ್ರೊಫೆಸರೂ ಇಲ್ಲ. ಇನ್ನು ಸ್ವಲ್ಪ ನೋಡಿ ಫೈಲು ಮುಚ್ಚುತ್ತೇನೆ," ಎಂದ. ಅವರನ್ನು ಎಳೆದು ತರಲು ನಾನು ಹೊರಗೆ ಲಿಫ್ಟಿನ ಕಡೆ ಓಡಿದೆ.

ಸರಿಯಾಗಿ ಹತ್ತೂಕಾಲಿಗೆ ಲಿಫ್ಟಿನ ಬಾಗಿಲು ತೆರೆಯಿತು. ಒಳಗಿಂದ ಇಬ್ಬರು ಇಳಿದರು. ಒಬ್ಬರು ನಮ್ಮ ಇಂಜಿನಿಯರಣ್ಣ. ಇನ್ನೊಬ್ಬ ಕೆಂಪುಮುಖದ ಮುದುಕ, ಇಲ್ಲಿಯ ಹೊಸ ವಿಶ್ವವಿದ್ಯಾಲಯಕ್ಕೆ ಸಲಹೆ ಕೊಡಲು ಬಂದಿದ್ದ ಜರ್ಮನ್ ಪ್ರೊಫೆಸರ್. ಇಬ್ಬರೂ ಒಟ್ಟಿಗೆ ಗಡಿಯಾರ ನೋಡಿಕೊಂಡರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿ, ಕಳೆದುಹೋದ ಸಂಬಂಧಿಕ ಸಿಕ್ಕಿದ ಹಾಗೆ ಕೈ ಕುಲುಕಿದರು. ನಾನು ಅಲ್ಲೇ ಹೊರಗಿನ ಕುರ್ಚಿಯಲ್ಲಿ ಕೂತೆ. ಅವರಿಬ್ಬರೂ ಅಧಿಕಾರಿಯ ಕೋಣೆಗೆ ಹೋದ ಮೇಲೂ ಬಾಗಿಲು ಅರ್ಧ ತೆರೆದೇ ಇತ್ತು.

ಆ ಸ್ನೇಹ ಹೆಚ್ಚು ಹೊತ್ತು ಬಾಳಲಿಲ್ಲ. ಪೂರ್ವ ಯುರೋಪಿನಲ್ಲಿ ಡಿಗ್ರಿಗಳನ್ನು ಎರಡು ಮಾಡುವ ಸುಧಾರಣೆಗೆ ಊರೂರು ತಿರುಗಿ ಸಲಹೆ ಕೊಟ್ಟವನು ಈ ಪ್ರೊಫೆಸರೇ ಎಂದು ಗೊತ್ತಾಯಿತು. "ಓ, ನನ್ನ ಡಿಗ್ರಿಗೆ ಕತ್ತಿ ಹಾಕಿದ್ದು ನೀವಾ?" ಎಂದು ಇವರ ಇಂಗ್ಲಿಷ್ ಏರಿತು. ಅಷ್ಟರಲ್ಲಿ ಅಧಿಕಾರಿ ತನ್ನ ಕಷ್ಟ ಹೇಳಿದ: ಮಾಸ್ಟರ್ ಎಂದು ಒಪ್ಪಬೇಕಾದರೆ ಮೊದಲು ಬ್ಯಾಚುಲರ್ ಇರಬೇಕು, ಅದು ನಿಯಮ. ಇವರಿಗೆ ಬ್ಯಾಚುಲರ್ ಇಲ್ಲ. ಬ್ಯಾಚುಲರ್ ಎಂದು ಒಪ್ಪೋಣವೆಂದರೆ ಅದೂ ಅಲ್ಲ. "ಕೆಳಗಿನ ಮಹಡಿ ಕಟ್ಟದೆ ಮೇಲಿನ ಮಹಡಿ ಹೇಗೆ ಕಟ್ಟಿದಿರಿ, ಸರ್?"

"ನಮ್ಮ ಕಾಲದಲ್ಲಿ ಇಡೀ ಮನೆ ಕಟ್ಟುತ್ತಿದ್ದರು. ಮಹಡಿ ಮಹಡಿಯಾಗಿ ಮಾರುತ್ತಿರಲಿಲ್ಲ," ಎಂದರು ಇವರು, ಪ್ರೊಫೆಸರನ್ನು ದುರುಗುಟ್ಟಿ ನೋಡುತ್ತಾ. ನಾನು ಹೊರಗೆ ಕೂತು ದೇವರಿಗೆ ಹರಕೆ ಹೇಳಿಕೊಳ್ಳುತ್ತಿದ್ದೆ. ಆಗ ಇವರು ಎದ್ದು ನಿಂತರು. "ಕಾಗದ ಬಿಡಿ. ನನ್ನನ್ನು ಪರೀಕ್ಷೆ ಮಾಡಿ. ಚೀಟಿ ಎತ್ತಿಸಿ!"

ಅಧಿಕಾರಿಗೆ ತಲೆಬುಡ ಅರ್ಥವಾಗಲಿಲ್ಲ. ಪ್ರೊಫೆಸರಿಗೆ ಚೆನ್ನಾಗಿ ಅರ್ಥವಾಯಿತು. ಮುದುಕನ ಮುಖ ಅರಳಿತು. ಮೇಜಿನ ಮೇಲಿದ್ದ ಖರ್ಜೂರದ ತಟ್ಟೆ ಖಾಲಿ ಮಾಡಿ, ಅದಕ್ಕೆ ಚೀಟಿ ಬರೆದು ಹಾಕಿದ. ಇವರು ಒಂದು ಎತ್ತಿದರು. ಹೋಗಿ ಮೂಲೆಯ ಕುರ್ಚಿಯಲ್ಲಿ ಕೂತರು. ಬಾಗಿಲ ಸಂದಿಯಿಂದ ನನಗೆ ಅವರ ಕೈ ಮಾತ್ರ ಕಾಣುತ್ತಿತ್ತು, ಅದು ಚೀಟಿಯನ್ನು ಮಡಚುತ್ತಾ ಬಿಡಿಸುತ್ತಾ ಇತ್ತು. ನನ್ನ ಅಕ್ಕಿ ಪಾತ್ರೆಯ ಮೊದಲ ದಿನ ನೆನಪಾಯಿತು. ಅಯ್ಯೋ, ಈ ಮನುಷ್ಯನಿಗೂ ಹೆದರಿಕೆಯಾಗುತ್ತದಾ?

ಎದ್ದು ನಿಂತರು. ಒಣಹೊಳೆಗೆ ಒಮ್ಮೆಲೇ ಬರುವ ನೆರೆಯನ್ನು ರಸ್ತೆ ಮುರಿಯದಂತೆ ದಾಟಿಸುವುದು ಹೇಗೆ ಎಂಬುದು ವಿಷಯ. ಮೊದಲ ಮಾತು ತೊದಲಿತು, ಎರಡನೆಯದು ನಿಂತಿತು, ಮೂರನೆಯದರಿಂದ ಹಿಡಿಯುವವರಿಲ್ಲ. ಫೋನು ಬಡಿದುಕೊಂಡರೂ ಅಧಿಕಾರಿ ಎತ್ತಲಿಲ್ಲ. "ನನ್ನ ಊರಿನ ರಸ್ತೆ ಪ್ರತಿ ಮಳೆಗೂ ಕೊಚ್ಚಿಹೋಗುತ್ತದೆ, ಯಾಕೆ?" ಎಂದು ನಡುವೆ ಬಾಯಿ ಹಾಕಿದ. ಇವರು ಅವನ ಫೈಲಿನ ಬೆನ್ನಿಗೇ ಅವನ ಊರಿನ ವಾದಿ ಬರೆಸಿ, ಮೋರಿ ಎಲ್ಲಿ ತಪ್ಪಾಗಿದೆಯೆಂದು ಪೆನ್ಸಿಲಿನಿಂದ ಕುಟ್ಟಿ ತೋರಿಸಿದರು. ಇಬ್ಬರೂ ಪರೀಕ್ಷೆಯನ್ನೇ ಮರೆತರು.

ಆಗ ಕೇಳಿಸಿತು, ಟಕಟಕ ಟಕಟಕ. ಪ್ರೊಫೆಸರ್ ಬೆರಳು ಮಡಚಿ ಮೇಜು ಕುಟ್ಟುತ್ತಿದ್ದ. ಪಾಪದ ಅಧಿಕಾರಿ, ಯಾರೋ ಬಾಗಿಲು ತಟ್ಟುತ್ತಿದ್ದಾರೆಂದುಕೊಂಡು, "ತಫದ್ದಲ್!" ಎಂದು ಗಟ್ಟಿಯಾಗಿ ಕರೆದ. ಬನ್ನಿ ಒಳಗೆ ಎಂದು. ಬಾಗಿಲ ಬಳಿ ಇದ್ದವಳು ನಾನೊಬ್ಬಳೇ. ಕರೆದರಲ್ಲ ಎಂದು ಎದ್ದು ಒಳಗೇ ಹೋಗಿ ನಿಂತೆ. ಮೂವರೂ ನನ್ನನ್ನು ನೋಡಿದರು.

"ನಿಂಗೆಂತ ಆಯ್ತು ಮಾರಾಯ್ತಿ?" ಎಂದರು ಇಂಜಿನಿಯರಣ್ಣ. ನನಗೆ ನಗುವೂ ಅಳುವೂ ಒಟ್ಟಿಗೆ ಬಂತು.

ಹೊರಡುವ ಮೊದಲು ಇಬ್ಬರೂ ಸೇರಿ ಅಧಿಕಾರಿಗೆ ಕಾಲುಗಂಟೆಯ ಲೆಕ್ಕವನ್ನೂ ಮೇಜು ಕುಟ್ಟುವುದರ ಅರ್ಥವನ್ನೂ ವಿವರಿಸಿದರು. ಒಪ್ಪಿಗೆ ಸಿಕ್ಕಿತು. ಪ್ರೊಫೆಸರ್ ಬರೆಸಿದ್ದೇನೆಂದರೆ, ಇವರ ಹಳೆಯ ಡಿಗ್ರಿ ಹೊಸ ಪದ್ಧತಿಯ ಬ್ಯಾಚುಲರಿಗೂ ಮಾಸ್ಟರಿಗೂ ಒಟ್ಟಿಗೆ ಸಮ. ಕೇಳಬೇಕೇ! ಒಂದೇ ವಾರದಲ್ಲಿ ವಿಸಿಟಿಂಗ್ ಕಾರ್ಡಿನಲ್ಲಿ ಹೆಸರಿನ ಮುಂದೆ ಎರಡೆರಡು ಡಿಗ್ರಿ. "ಒಮ್ಮೆ ಓದಿದ್ದಕ್ಕೆ ಎರಡು ಕೊಟ್ರು. ಸುಧಾರಣೆ ಅಂದ್ರೆ ಹೀಗಿರ್ಬೇಕು ನೋಡು," ಎಂದು ನನಗೇ ಹೇಳಿದರು, ಅಂಜಲಿನ ಮಾತು ಆಡಿದವರು ಬೇರೆ ಯಾರೋ ಎಂಬಂತೆ.

ಮಗಳ ಓದು ಮುಗಿಯುವವರೆಗೆ ಇಲ್ಲೇ ದುಡಿದು, ಆಮೇಲೆ ಊರಿಗೆ ಹೋದರು. ಹೋದ ಮರುವರ್ಷವೇ ಹೃದಯಾಘಾತವೆಂದು ಫೋನು ಬಂತು. ನಾನು ಫೋನು ಇಟ್ಟು, ಎಷ್ಟೋ ಹೊತ್ತು ಅಕ್ಕಿ ಪಾತ್ರೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ. ಅಣ್ಣ ಇಲ್ಲದ ನನಗೆ ಅವರೇ ಅಣ್ಣ.

ನಮ್ಮ ಮನೆಯಲ್ಲೇ ಸಂತಾಪಕ್ಕೆ ಸೇರಿದೆವು. ಆರು ಗಂಟೆಗೆ ಎಂದು ಹೇಳಿದ್ದೆ. ಆರಕ್ಕೆ ಎಲ್ಲರೂ ಬಂದರು. ಯಾರೋ "ಶುರು ಮಾಡುವನಾ?" ಎಂದರು. ನಾನು ಬೇಡವೆಂದೆ. ಎಲ್ಲರೂ ಅವರ ಫೋಟೋ ನೋಡುತ್ತಾ ಕೂತರು. ಆರೂಕಾಲಿಗೆ ಬೆಲ್ ಆಯಿತು. ಬಾಗಿಲಲ್ಲಿ ಆ ಅಧಿಕಾರಿ. ಸುದ್ದಿ ಅವರ ಕಂಪೆನಿಯಿಂದ ತಿಳಿದಿತ್ತಂತೆ. ಕೈಗಡಿಯಾರ ನೋಡಿಕೊಂಡು, "ನಾನು ಸರಿಯಾದ ಹೊತ್ತಿಗೆ ಬಂದೆನಲ್ಲ?" ಎಂದು ಮೆಲ್ಲನೆ ಕೇಳಿದ. ಹೌದೆಂದೆ. ಊರಿನ ಮೋರಿಯನ್ನು ಇವರು ಹೇಳಿದ ಹಾಗೆ ಕಟ್ಟಿಸಿದ್ದನಂತೆ, ಈ ಸಲದ ಮಳೆಗೆ ರಸ್ತೆ ನಿಂತಿತಂತೆ.

ನಮ್ಮವರು ಎರಡು ಮಾತಾಡಿದರು, ನಾನು ಎದ್ದು ನಿಂತು, ಎಲ್ಲರ ಕಣ್ಣು ನೋಡಿ, ನನ್ನ ಮಾತು ಹೇಳಿ ಮುಗಿಸಿದೆ. ಆಗ ಆ ಅಧಿಕಾರಿ ಬೆರಳು ಮಡಚಿ, ಎದುರಿನ ಟೀಪಾಯಿಯನ್ನು ಟಕಟಕ ಕುಟ್ಟಿದ. ಯಾರೋ ಬಂದರೆಂದು ಎಲ್ಲರೂ ಬಾಗಿಲ ಕಡೆ ತಿರುಗಿದರು. ಅದೇನೆಂದು ಗೊತ್ತಿದ್ದವಳು ನಾನು. ಆದರೂ ನಾನೂ ತಿರುಗಿ ನೋಡಿದೆ.