ಎರಡು ಗಡ್ಡದ ನಡುವೆ ಒಂದು ಮೊಟ್ಟೆ

ನನ್ನ ಅಕ್ಕನ ಗಂಡ ಕ್ಷೌರಿಕ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರಲ್ಲ, ಅದರ ಎರಡನೇ ಅರ್ಧ ಭಾವನಿಗೆ ಹುಟ್ಟಿನಿಂದಲೇ ಬಂದಿತ್ತು. ಮೊದಲ ಅರ್ಧ ಕಲಿಯುವ ಹೊತ್ತಿಗೆ, ಬೀದಿಯ ಗಂಡಸರೆಲ್ಲ ಒಂದು ಕೆನ್ನೆ ಮಾತ್ರ ಬೋಳಿಸಿಕೊಂಡು ಕುರ್ಚಿಯಲ್ಲಿ ಕಾದದ್ದಾಗಿತ್ತು. ಇನ್ನೊಂದು ಕೆನ್ನೆಯ ನೊರೆ ಒಣಗುವವರೆಗೂ ಭಾವ ಪಕ್ಕದ ವಾಚ್ ರಿಪೇರಿಯವರ ಶೌಚಾಲಯದಲ್ಲಿ ಇರುತ್ತಿದ್ದರು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಇದು ಐಬಿಎಸ್, ಕರುಳಿನ ಮುಂಗೋಪ, ಪ್ರಾಣಕ್ಕೇನೂ ಭಯವಿಲ್ಲ ಎಂದರು. ಮರ್ಯಾದೆಗೆ ಭಯವಿತ್ತಲ್ಲ, ಅದಕ್ಕೆ ಅವರ ಬಳಿ ಮಾತ್ರೆ ಇರಲಿಲ್ಲ.

ಭಾವ ತಾವೇ ಔಷಧಿ ಕಂಡುಹಿಡಿದರು. ತಿಂದರೆ ತಾನೇ ಓಡಬೇಕು? ಹಗಲೆಲ್ಲ ಬರೀ ತಿಳಿ ಗಂಜಿ. ಹೊಟ್ಟೆ ತೆಪ್ಪಗಾಯಿತು, ಮೈ ಸೊರಗಿತು, ಕೈ ನಡುಗಿತು. ಒಂದು ಬೆಳಿಗ್ಗೆ ಕತ್ತಿ ಹಳೇ ಗಿರಾಕಿ ಬ್ಯಾಂಡ್ ಮೇಷ್ಟ್ರ ಕಿವಿಯ ಕೆಳಗೆ ತಗುಲಿತು. ನಿವೃತ್ತರಾದ ಮೇಲೂ ದಿನಾ ನುಣ್ಣಗೆ ಬೋಳಿಸಿಕೊಳ್ಳುವ ಮನುಷ್ಯ. ಗಾಯಕ್ಕೆ ಪಟಿಕ ಒತ್ತಿಕೊಂಡು ಎದ್ದುಹೋದರು. ಭಾವ ಕತ್ತಿ ಒರೆಸಿ ಡ್ರಾಯರಿಗೆ ಹಾಕಿದರು. ಆಮೇಲೆ ಬರೀ ಕತ್ತರಿ, ಮೆಷಿನ್ನು. ಕತ್ತಿ ಹಿಡಿಯಲಾಗದ ಕ್ಷೌರಿಕ ಎಂದು ತಮ್ಮನ್ನೇ ಹಂಗಿಸಿಕೊಳ್ಳುತ್ತಿದ್ದರು. ನಮಗೆ ನಗು ಬರುತ್ತಿರಲಿಲ್ಲ.

ಶಕ್ತಿ ಬರಲಿ ಎಂದು ಅಕ್ಕ ಬೇಳೆ, ಕಾಳು, ಲೋಟ ತುಂಬ ಹಾಲು ಸುರಿದಳು. ಹೊಟ್ಟೆ ಉಬ್ಬಿ ಮತ್ತೆ ಓಟ ಶುರು. ಅತ್ತ ದರಿ, ಇತ್ತ ಪುಲಿ. ನಾನು ರೇಗಿ ಇಬ್ಬರನ್ನೂ ಆಸ್ಪತ್ರೆಯ ಆಹಾರ ತಜ್ಞೆಯ ಮುಂದೆ ಕೂರಿಸಿದೆ. ಮೈಗೆ ಪ್ರೋಟೀನ್ ಬೇಕೇ ಬೇಕು, ಆದರೆ ಅದು ಕಾಳಿನಿಂದಲೇ ಬರಬೇಕೆಂದೇನಿಲ್ಲ ಎಂದರು ಆಕೆ. ಮೊಟ್ಟೆ, ಮೀನು, ಕೋಳಿ ಕೊಡಿ, ಈರುಳ್ಳಿ ಬೆಳ್ಳುಳ್ಳಿ ಬಿಡಿ, ಕಾಳು ತಿನ್ನಲೇಬೇಕಾದರೆ ಬೇಯಿಸಿದ ನೀರು ಚೆಲ್ಲಿ ಎರಡು ಚಮಚ ಸಾಕು, ಒಂದೇ ಸಲ ತುಂಬದೆ ಸ್ವಲ್ಪಸ್ವಲ್ಪವೇ ತಿನ್ನಿಸಿ ಎಂದರು. ಆ ಹೆಂಗಸಿನ ಹೊಟ್ಟೆ ತಣ್ಣಗಿರಲಿ.

ಅಂದಿನಿಂದ ಕನ್ನಡಿಯ ಮುಂದೆ ಬಾಚಣಿಗೆಗಳ ಪಕ್ಕ ಒಂದು ಡಬ್ಬಿ. ಒಂದು ತಲೆ ಮುಗಿದರೆ ಅರ್ಧ ಮೊಟ್ಟೆ, ಇನ್ನೊಂದು ಮುಗಿದರೆ ಮೀನಿನ ತುಂಡು. ಪೌಡರ್ ಘಮದ ಜೊತೆಗೆ ಮೊಟ್ಟೆ ವಾಸನೆ. ಗಿರಾಕಿಗಳು ಮೂಗು ಮುರಿಯಬಹುದಿತ್ತು, ಮುರಿಯಲಿಲ್ಲ. ಭಾವ ಮರೆತರೆ ಅವರೇ ನೆನಪಿಸುತ್ತಿದ್ದರು. ವಾಚ್ ರಿಪೇರಿಯವರು ಶೌಚಾಲಯದ ಇನ್ನೊಂದು ಬೀಗದಕೈ ಮಾಡಿಸಿ ತಂದುಕೊಟ್ಟರು. ಆ ಬೀದಿಯನ್ನು ನೆನೆಯದೆ ನಾನು ಊಟಕ್ಕೆ ಕೂರುವುದಿಲ್ಲ.

ಭಾವನ ಕೆನ್ನೆ ತುಂಬಿಕೊಂಡಿತು. ಕತ್ತಿ ಮಾತ್ರ ಡ್ರಾಯರಿನಲ್ಲೇ ಇತ್ತು. ಒಂದು ದಿನ ನಾನು ಡಬ್ಬಿ ಕೊಡಲು ಹೋದಾಗ ಬ್ಯಾಂಡ್ ಮೇಷ್ಟ್ರು ಬಂದು ಕುರ್ಚಿಯಲ್ಲಿ ಕೂತರು. ಎದೆಗೆ ತಾಗುವಂಥ ಬಿಳಿ ಗಡ್ಡ. ಈ ಮನುಷ್ಯ ಬೇರೆ ಅಂಗಡಿಯ ಮೆಟ್ಟಿಲೇ ಹತ್ತಿರಲಿಲ್ಲ.

“ಗಡ್ಡ ತೆಗಿಯಪ್ಪ,” ಎಂದರು.

“ಈ ಕೈನ ನಂಬಬೇಡಿ ಮೇಷ್ಟ್ರೇ.”

“ತಿಂದ್ಯಾ?”

“ಇನ್ನೂ ಇಲ್ಲ.”

“ಮೊದಲು ತಿನ್ನು. ಇಷ್ಟು ದಿನ ಕಾದಿದ್ದೀನಿ, ಒಂದು ಮೊಟ್ಟೆ ತಿನ್ನೋವರೆಗೂ ಕಾಯೋಕಾಗಲ್ವಾ?”

ಭಾವ ಗೋಡೆಯ ಕಡೆ ತಿರುಗಿ ತಿಂದರು. ಕತ್ತರಿಯಲ್ಲಿ ಗಡ್ಡ ಇಳಿಸಿ, ನೊರೆ ಹಚ್ಚಿ, ಕತ್ತಿ ತೆಗೆದರು. ಮೇಷ್ಟ್ರು ಗಲ್ಲ ಎತ್ತಿ ಕಣ್ಣು ಮುಚ್ಚಿದರು. ಕಿವಿಯ ಕೆಳಗೆ ಆ ಹಳೆಯ ಗೆರೆ ಕಂಡಾಗ ನಾನು ಉಸಿರು ಬಿಗಿಹಿಡಿದೆ. ಭಾವನ ಕೈ ನಡುಗಲಿಲ್ಲ. ಕತ್ತಿ ಕುತ್ತಿಗೆಗೆ ಬಂದಾಗ ಸಣ್ಣ ಗೊರಕೆ ಕೇಳಿಸಿತು.

ಭಾವ ಕನ್ನಡಿಯಲ್ಲೇ ನನ್ನತ್ತ ನೋಡಿದರು. ಕಣ್ಣು ತುಂಬಿತ್ತು.

“ನಿದ್ದೆ ಹೋಗ್ಬಿಟ್ರು ಕಣೇ,” ಎಂದು ಪಿಸುಗುಟ್ಟಿದರು.

ಎರಡೂ ಕೆನ್ನೆ ಮುಗಿಸಿ, ಅವರನ್ನು ಎಬ್ಬಿಸದೆ, ಬಾಗಿಲಲ್ಲಿ ನಿಂತ ಗಿರಾಕಿಗೆ ಕಾಯುವಂತೆ ಕೈಸನ್ನೆ ಮಾಡಿದರು.