ಗುಂಡಿಗಿಳಿದ ಬೋಸಿಬೋರಿ

ಬೋಸಿಬೋರಿಯಕ್ಕ ಇಪ್ಪತ್ತಾರು ವರ್ಷ ಕಲ್ಲು ಉಜ್ಜಿದವಳು. ಕಿಸೀ ಬೆಟ್ಟದ ನಮ್ಮೂರಲ್ಲಿ ಎಲ್ಲಿ ಅಗೆದರೂ ಬಳಪದ ಕಲ್ಲು. ಅಗೆಯುವುದು, ಕೆತ್ತುವುದು ನಮ್ಮಂಥ ಗಂಡಸರ ಕೆಲಸ. ಕೆತ್ತಿದ ಆನೆ, ಬಟ್ಟಲುಗಳನ್ನು ಬೋಗುಣಿಯ ನೀರಲ್ಲಿ ಅದ್ದಿ, ಉಪ್ಪುಕಾಗದದಿಂದ ಉಜ್ಜಿ ನುಣುಪು ಮಾಡುವುದು ಹೆಂಗಸರದು. ಉಜ್ಜಿ ಉಜ್ಜಿ ಆಕೆಯ ಬೆರಳ ಗೆರೆಗಳೇ ಸವೆದಿದ್ದವು. ಗುರುತಿನ ಚೀಟಿಗೆ ಹೋದಾಗ ಗುಮಾಸ್ತ ಮೂರು ಸಲ ಹೆಬ್ಬೆಟ್ಟು ಒತ್ತಿಸಿ, "ಏನೂ ಮೂಡ್ತಾನೇ ಇಲ್ವಲ್ಲಮ್ಮ" ಎಂದನಂತೆ. "ಗೆರೆಯೆಲ್ಲಾ ನಮ್ಮೂರ ಕಲ್ಲಾನೆಗಳ ಮೈಮೇಲಿದೆ, ಹೋಗಿ ನೋಡ್ಕೊ" ಎಂದು ಹೇಳಿ ಬಂದಳು.

ಒಂದು ಏಪ್ರಿಲಿನಲ್ಲಿ ನಾವು ಕಲ್ಲು ಅಗೆಯುವ ಗುಂಡಿಯ ತಳದಲ್ಲಿ ಗುಲಾಬಿ ಬಣ್ಣದ ಕಲ್ಲು ಸಿಕ್ಕಿತು. ಹಸುವಿನಷ್ಟು ದೊಡ್ಡದು, ಒಂದೂ ಬಿರುಕಿಲ್ಲ. ಅಂಥದ್ದನ್ನು ನಾವ್ಯಾರೂ ಕಂಡಿರಲಿಲ್ಲ. ಕಿಸುಮು ಪಟ್ಟಣದ ಶಿಲ್ಪಿಯೊಬ್ಬ ಇಡೀ ಕಲ್ಲೇ ಬೇಕೆಂದು ಲಾರಿ ಕಳಿಸಿದ. ಮಧ್ಯಾಹ್ನದ ಮಳೆ ಬಿದ್ದರೆ ಗುಂಡಿ ಕೆರೆಯಾಗುತ್ತದೆ. ಬೆಳಗಿನಿಂದ ಮೂವತ್ತು ಜನ ಹಗ್ಗ ಹಿಡಿದು ಎಳೆದೆವು. ಏರುದಾರಿಯ ಬುಡದಲ್ಲಿ ಕಲ್ಲು ಕಚ್ಚಿಕೊಂಡು ನಿಂತುಬಿಟ್ಟಿತು. ಬೆಟ್ಟದಾಚೆ ಮೋಡ ಕಪ್ಪಾಗುತ್ತಿತ್ತು.

"ಎರಡು ತುಂಡು ಮಾಡಿಬಿಡ್ರೋ" ಎಂದ ಗುಂಡಿಯ ಹಿರಿಯ ಒಂಬೊಂಗಿ.

"ಸ್ವಲ್ಪ ತಡೀರಿ, ನಾನು ಬಂದೆ" ಎಂದು ಮೇಲಿನಿಂದ ಬೋಸಿಬೋರಿಯ ದನಿ ಬಂತು.

"ಅಲ್ಲೇ ಇರಮ್ಮ. ಹೆಂಗಸ್ರು ಗುಂಡಿಗಿಳಿದ್ರೆ ಕಲ್ಲು ಮುನಿಸ್ಕೊಳ್ಳುತ್ತೆ."

"ಬೆಳಿಗ್ಗೆಯಿಂದ ಮುನಿಸ್ಕೊಂಡೇ ಕೂತಿದೆಯಲ್ಲ ಅಜ್ಜ. ನಾನಿನ್ನೂ ಇಳಿದೇ ಇಲ್ಲ."

ನಾವೆಲ್ಲ ನಕ್ಕೆವು. ಅಷ್ಟರಲ್ಲಿ ಆಕೆ ಇಳಿದೇಬಿಟ್ಟಿದ್ದಳು. ಹಿಂದೆ ಹನ್ನೆರಡು ಹೆಂಗಸರು. ಎಲ್ಲರ ತಲೆಯ ಮೇಲೂ ಬೋಗುಣಿ. ಒಳಗಿದ್ದದ್ದು ಕಲ್ಲು ಉಜ್ಜಿದ ನೀರಿನ ತಳದಲ್ಲಿ ಕೂರುವ ಬಿಳಿ ರಾಡಿ. ನಾವು ಬೇಲಿಯಾಚೆ ಚೆಲ್ಲಿಸುತ್ತಿದ್ದ ಕಸ ಅದು.

"ದಿನಾ ಇದ್ರಲ್ಲಿ ಕಾಲಿಟ್ಟು ಜಾರಿ ಬೀಳೋದು ನಾವು. ಇವತ್ತು ಕಲ್ಲು ಜಾರ್ಲಿ" ಎಂದು ಏರಿನ ಉದ್ದಕ್ಕೂ ನಡುವೆ ಸುರಿಸಿದಳು. ಕಾಲು ಊರಲು ಇಕ್ಕೆಲದಲ್ಲೂ ಒಣ ಬಾಳೆಲೆ ಹಾಸಿಸಿದಳು. "ಒಬ್ಬೊಬ್ಬರು ಒಂದೊಂದು ಗಳಿಗೆಗೆ ಎಳೆದ್ರೆ ಆಗಲ್ಲ. ನನ್ನ ಹಾಡು ನಿಂತ ಕಡೆ ಎಳೀಬೇಕು. ಮುಂಚೆ ಎಳೆದೋನು ಇವತ್ತು ಅಡುಗೆ ಮಾಡ್ಬೇಕು."

ಹಾಡಿದಳು. ಬೋಗುಣಿಗಳ ಸುತ್ತ ಕೂತು ಹೆಂಗಸರು ಹಾಡುವ ಹಾಡೇ. ದನಿ ನಿಂತಿತು, ಎಳೆದೆವು. ಕಲ್ಲು ಮೊಳದುದ್ದ ಸರಿಯಿತು! ಇನ್ನೊಮ್ಮೆ. ಮತ್ತೊಮ್ಮೆ. ಹೆಂಗಸರೂ ಹಗ್ಗ ಹಿಡಿದರು. ಅರ್ಧ ದಾರಿಯಲ್ಲಿ ಹನಿ ಬಿದ್ದವು. ರಾಡಿ ನೆನೆದು ಇನ್ನಷ್ಟು ಜಾರತೊಡಗಿತು. ಒಂಬೊಂಗಿ ಅಜ್ಜ ಕೋಲು ಬಿಸಾಡಿ ಹಗ್ಗದ ತುದಿಗೆ ಬಂದು ನಿಂತ, ಗಂಟಲು ಕಿತ್ತುಹೋಗುವಂತೆ ಹಾಡಿದ. ಮಳೆ ಜೋರಾಗುವಷ್ಟರಲ್ಲಿ ಕಲ್ಲು ಲಾರಿಯ ಪಕ್ಕದಲ್ಲಿತ್ತು. ನಾವು ಕೆಸರಲ್ಲೇ ಕುಣಿದೆವು.

"ಏನು ಬೇಕು ಕೇಳು" ಎಂದ ಅಜ್ಜ, ಏದುಸಿರು ಬಿಡುತ್ತ.

"ಒಂದು ಉಳಿ ಕೊಡಿ. ಕಲ್ಲು ನಾನೇ ಆರಿಸ್ಕೊಳ್ತೀನಿ."

ಅಜ್ಜ ಸೊಂಟದಲ್ಲಿದ್ದ ತನ್ನ ಉಳಿಯನ್ನೇ ತೆಗೆದು ಕೊಟ್ಟ.

ಆಕೆ ಕೆತ್ತಿದ ಮೊದಲ ಕೊಕ್ಕರೆಯ ಕೊಕ್ಕು ಮುರಿಯಿತು. ಎರಡನೆಯದು ಮಕಾಡೆ ಬಿತ್ತು. ಮೂರನೆಯದು ಒಂಟಿ ಕಾಲಲ್ಲಿ ನೆಟ್ಟಗೆ ನಿಂತಿತು. ಈಗ ಆಕೆಯ ಅಂಗಳದಲ್ಲಿ ಐವರು ಹೆಂಗಸರು ಕೆತ್ತುತ್ತಾರೆ. ಉಜ್ಜಲು ಕೂತವನು ಗಂಡ ಒನ್ಸೋಂಗೋ. ರೆಕ್ಕೆಯ ಸಂದಿಯಲ್ಲಿ ಸರಿಯಾಗಿ ಉಜ್ಜುವುದಿಲ್ಲ ಎಂದು ಆಕೆ ದಿನವೂ ಬಯ್ಯುತ್ತಾಳೆ.